ಮೋಡೆಮ್‌ನಲ್ಲಿ ‘ಅಡ್ಮಿನ್’ ಬಿಟ್ಟು ಬಂದವನ ಪತ್ರ

ಸಂಪಾದಕರಿಗೆ ನಮಸ್ಕಾರ.

ಒಟಿಪಿ ಯಾರಿಗೂ ಹೇಳಬೇಡಿ, ಗೊತ್ತಿಲ್ಲದ ಲಿಂಕ್ ಒತ್ತಬೇಡಿ ಅಂತ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಒಳ್ಳೆಯದೇ. ಆದರೆ ಟಿವಿ ಪಕ್ಕ ಹಸಿರು ದೀಪ ಮಿನುಗಿಸುತ್ತಾ ಕೂತಿರುವ ಇಂಟರ್ನೆಟ್ ಪೆಟ್ಟಿಗೆ ಬಗ್ಗೆ ಬರೆಯುವವರು ಕಡಿಮೆ. ನಾನು ಆರು ವರ್ಷ ಅದೇ ಕೆಲಸ ಮಾಡಿದವನು. ಒಂದು ಸಣ್ಣ ಕಂಪನಿ ಪರವಾಗಿ ಮನೆ ಮನೆಗೆ ಹೋಗಿ ಕೇಬಲ್ ಎಳೆಯುವುದು, ಮೋಡೆಮ್ ಕೂರಿಸುವುದು, ವೈಫೈ ಹಾಕಿಕೊಟ್ಟು ಬರುವುದು. ವೈಫೈ ಪಾಸ್‌ವರ್ಡ್ ಮನೆಯವರು ಹೇಳಿದ ಹಾಗೆ ಇಡುತ್ತಿದ್ದೆ, ಮಗಳ ಹೆಸರು, ಬೈಕ್ ನಂಬರ್, ಹೀಗೆ. ಮೋಡೆಮ್ ಒಳಗೆ ಹೋಗಿ ಸೆಟ್ಟಿಂಗ್ ಬದಲಾಯಿಸಲು ಬೇರೆಯದೇ ಒಂದು ಪಾಸ್‌ವರ್ಡ್ ಇರುತ್ತದಲ್ವಾ, ಅದನ್ನು ಮಾತ್ರ ಮುಟ್ಟುತ್ತಲೇ ಇರಲಿಲ್ಲ. ಹೆಸರೂ ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್. ಎಲ್ಲ ಮನೆಗೂ ಒಂದೇ ಇದ್ದರೆ ಕಂಪ್ಲೇಂಟ್ ಬಂದಾಗ ನಮಗೆ ಸುಲಭ, ಅಷ್ಟೇ ಲೆಕ್ಕ.

ಹೀಗೆ ಬಿಟ್ಟ ಬಾಗಿಲುಗಳಿಂದ ಏನಾಯಿತು ಅಂತ ನನಗೆ ತಿಳಿದದ್ದು ಆಮೇಲೆ. 2016ರಲ್ಲಿ ಅಮೆರಿಕದ ಮೂವರು ಹುಡುಗರು ಮಿರಾಯ್ ಅಂತ ಒಂದು ಪ್ರೋಗ್ರಾಂ ಬರೆದರು. ಇದೆಲ್ಲ ಶುರುವಾದದ್ದು ಮೈನ್‌ಕ್ರಾಫ್ಟ್ ಅನ್ನುವ ಕಂಪ್ಯೂಟರ್ ಆಟದ ಸರ್ವರ್‌ಗಳ ವ್ಯಾಪಾರದ ಪೈಪೋಟಿಗೆ, ನಂಬಲೂ ಕಷ್ಟ. ಆ ಪ್ರೋಗ್ರಾಂ ಬಳಿ ಇದ್ದದ್ದು ಕಾರ್ಖಾನೆಯಿಂದಲೇ ಬರುವ ಅರವತ್ತು ಚಿಲ್ಲರೆ ಹೆಸರು-ಪಾಸ್‌ವರ್ಡ್ ಜೋಡಿಗಳ ಪಟ್ಟಿ. ಊರೂರಿನ ಮೋಡೆಮ್, ಸಿಸಿಟಿವಿ ರೆಕಾರ್ಡ್ ಮಾಡುವ ಡಿವಿಆರ್ ಪೆಟ್ಟಿಗೆಗಳ ಬಾಗಿಲು ತಟ್ಟಿ ಒಂದೊಂದೇ ಜೋಡಿ ಹಾಕಿ ನೋಡುತ್ತಿತ್ತು, ತೆರೆದುಕೊಂಡರೆ ಆ ಪೆಟ್ಟಿಗೆ ಅದರ ಆಳು. ಕೋಡ್ ಬಯಲಿಗೆ ಬಿದ್ದ ಮೇಲೆ ಸಿಕ್ಕಸಿಕ್ಕವರೆಲ್ಲ ಬಳಸಿದರು. ಆ ವರ್ಷ ಅಕ್ಟೋಬರ್ 21ರಂದು ಸೈಟ್‌ನ ಹೆಸರು ಕೊಟ್ಟರೆ ಅದರ ವಿಳಾಸ ಹುಡುಕಿಕೊಡುವ ಡೈನ್ ಅನ್ನುವ ಕಂಪನಿ ಮೇಲೆ ಇಂಥ ಆಳುಗಳೆಲ್ಲ ಒಟ್ಟಿಗೆ ಮುಗಿಬಿದ್ದು, ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ಸೈಟ್‌ಗಳು ಅಮೆರಿಕದಲ್ಲಿ ಗಂಟೆಗಟ್ಟಲೆ ಸಿಗಲಿಲ್ಲ. ಮಿರಾಯ್ ಬರೆದ ಮೂವರೂ 2017ರ ಡಿಸೆಂಬರ್ ಹೊತ್ತಿಗೆ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡರು.

ಇದು ಕಳ್ಳತನ ಅಲ್ಲ. ರೇಷನ್ ಅಂಗಡಿ ಮುಂದೆ ಸಾವಿರ ಜನ ಸುಮ್ನೆ ಸಾಲು ನಿಂತು, ಕೌಂಟರ್‌ಗೆ ಬಂದು ಚೀಲ ಬಿಚ್ಚಿ, ಏನೂ ತಗೊಳ್ಳದೆ ಮತ್ತೆ ಹಿಂದೆ ಹೋಗಿ ನಿಂತರೆ ನಿಜವಾಗಿ ಅಕ್ಕಿ ಬೇಕಾದವನಿಗೆ ಸಿಗುವುದಿಲ್ಲವಲ್ಲ, ಹಾಗೆ.

ಆದರೆ ನಾನು ಹೇಳಬೇಕೆಂದಿರುವುದು ದೊಡ್ಡ ಸೈಟ್‌ಗಳ ಕಥೆ ಅಲ್ಲ. ನಮ್ಮ ಪೆಟ್ಟಿಗೆಯೇ ಸಾಯುತ್ತದೆ. 2016ರ ನವೆಂಬರ್‌ನಲ್ಲಿ ಜರ್ಮನಿಯ ಡಾಯ್ಚ ಟೆಲಿಕಾಮ್‌ನ ಸುಮಾರು 9 ಲಕ್ಷ ಗ್ರಾಹಕರ ರೂಟರ್, ಅಂದರೆ ಇದೇ ಇಂಟರ್ನೆಟ್ ಪೆಟ್ಟಿಗೆಗಳು, ಕೈಕೊಟ್ಟವು. ತಮಾಷೆ ಏನೆಂದರೆ ಆ ರೂಟರ್‌ಗಳ ಒಳಗೆ ಯಾರೂ ನುಗ್ಗಿರಲೇ ಇಲ್ಲ. ಕಂಪನಿಯವರು ದೂರದಿಂದ ರಿಪೇರಿ ಮಾಡಲು ಇಟ್ಟುಕೊಂಡಿದ್ದ 7547ನೇ ಪೋರ್ಟ್, ಅಂದರೆ ಆ ನಂಬರಿನ ಬಾಗಿಲು, ಹೊರಗಿನವರಿಗೂ ತೆರೆದಿತ್ತು, ಅದನ್ನು ಪದೇ ಪದೇ ತಟ್ಟಿದ್ದಕ್ಕೇ ಅವು ಸುಸ್ತಾಗಿ ಬಿದ್ದವು. 2017ರ ಜುಲೈನಲ್ಲಿ ನಮ್ಮ ಕರ್ನಾಟಕದಲ್ಲೇ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳ ಮೇಲೆ ದಾಳಿ ಆಯಿತು, ಸಿಕ್ಕಿಬಿದ್ದದ್ದು ಮೊದಲಿನ ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸದ ಮೋಡೆಮ್‌ಗಳು. ಪಾಸ್‌ವರ್ಡ್ ಬದಲಾಯಿಸಿ ಅಂತ ಆಗ ಗ್ರಾಹಕರಿಗೆ ಹೇಳಿದರು. ಎಷ್ಟು ಜನ ಬದಲಾಯಿಸಿದರೋ!

ಕಂಪನಿಗಳ ದೊಡ್ಡ ರೂಟರ್‌ಗಳಲ್ಲಿ ಹೀಗೆ ತಟ್ಟಿ ಸುಸ್ತು ಮಾಡುವುದನ್ನು ತಡೆಯಲು ವ್ಯವಸ್ಥೆ ಇರುತ್ತದೆ. ದಾಟಿ ಹೋಗುವ ಟ್ರಾಫಿಕ್ಕನ್ನು ಬೇರೆ ಚಿಪ್ ನೋಡಿಕೊಳ್ಳುತ್ತದೆ. ರೂಟರ್‌ನ ಹೆಸರಿಗೇ ಬರುವ ಮಾತನ್ನು ಮಾತ್ರ ಅದರ ಮುಖ್ಯ ಪ್ರೊಸೆಸರ್ ಕೇಳಬೇಕು, ಮತ್ತು ಸೆಕೆಂಡಿಗೆ ಇಷ್ಟೇ ಕೇಳು ಅಂತ ಇಂಜಿನಿಯರ್‌ಗಳು ಮಿತಿ ಹಾಕಿರುತ್ತಾರೆ. ಲಾಗಿನ್ ಆಗಲು ಆಫೀಸಿನ ಒಂದೆರಡು ವಿಳಾಸಕ್ಕೆ ಮಾತ್ರ ಬಿಡುತ್ತಾರೆ. ಮನೆಯ ಅಗ್ಗದ ಪೆಟ್ಟಿಗೆಗೆ ಅಷ್ಟು ಮೆದುಳೂ ಇಲ್ಲ, ಕಾವಲೂ ಇಲ್ಲ. ಹಾಗಾಗಿ ಅದಕ್ಕೆ ಒಂದೇ ಉಪಾಯ, ಹೊರಗಿನ ಬಾಗಿಲು ಮುಚ್ಚಿಬಿಡುವುದು. ಸೆಟ್ಟಿಂಗ್‌ನಲ್ಲಿ ರಿಮೋಟ್ ಮ್ಯಾನೇಜ್‌ಮೆಂಟ್, ಟೆಲ್‌ನೆಟ್ ಅಂತ ಇರುತ್ತದೆ, ಎರಡೂ ದೂರದಿಂದ ಪೆಟ್ಟಿಗೆ ಒಳಗೆ ಬರುವ ದಾರಿಗಳು, ಆಫ್ ಮಾಡಬೇಕು. ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಬೇಕು. ಆಫ್ ಮಾಡಿ ಆನ್ ಮಾಡಿದರೆ ಸಾಕು ಅನ್ನುವವರಿಗೆ: ಮಿರಾಯ್ ಮೆಮೊರಿಯಲ್ಲಷ್ಟೇ ಇರುವುದರಿಂದ ರೀಸ್ಟಾರ್ಟ್ ಮಾಡಿದರೆ ಹೋಗುವುದು ನಿಜ, ಆದರೆ ಪಾಸ್‌ವರ್ಡ್ ಹಳೆಯದೇ ಇದ್ದರೆ ಬಹುಬೇಗ ವಾಪಸ್ ಬರುತ್ತದೆ.

ಈಗ ಇದನ್ನೆಲ್ಲ ಯಾರು ಮಾಡಬೇಕು? ಮನೆಯವರೇ ಮಾಡಿಕೊಳ್ಳಲಿ ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಗ್ಯಾಸ್ ಸಿಲಿಂಡರ್ ತಂದವನು ರೆಗ್ಯುಲೇಟರ್ ಕೂರಿಸಿ ಲೀಕ್ ಇದೆಯಾ ಅಂತ ನೋಡಿ ಹೋಗಲಿ ಅನ್ನುತ್ತೇವೆ, ಎಪ್ಪತ್ತು ವರ್ಷದ ಅಜ್ಜಿ 192.168.1.1 ಅಂತ ಮೋಡೆಮ್ ವಿಳಾಸ ಟೈಪ್ ಮಾಡಿ ಒಳಗೆ ಹೋಗಬೇಕಂತೆ! ಕೂರಿಸಿದವನೇ ಮಾಡಬೇಕು. ಐದು ನಿಮಿಷದ ಕೆಲಸ. ಪ್ರತಿ ಪೆಟ್ಟಿಗೆಗೂ ಬೇರೆ ಪಾಸ್‌ವರ್ಡ್ ಇಟ್ಟು ಅಡಿಯಲ್ಲಿ ಸ್ಟಿಕ್ಕರ್ ಅಂಟಿಸಿ ಕಳಿಸುವುದು ಕಂಪನಿಗಳಿಗೆ ಕಷ್ಟವೇ ಅಲ್ಲ, ಸೀರಿಯಲ್ ನಂಬರ್ ಹೇಗೂ ಅಂಟಿಸುತ್ತಾರೆ. ಹೊರಗಿನಿಂದ ಬರುವ ಟೆಲ್‌ನೆಟ್ ಮತ್ತು ಆ 7547 ಪೋರ್ಟನ್ನು ತಮ್ಮ ಕಡೆಯಲ್ಲೇ ತಡೆದರೆ ಮನೆ ತನಕ ಬರುವುದೇ ಇಲ್ಲ. ಬ್ರಿಟನ್‌ನಲ್ಲಿ 2024ರ ಏಪ್ರಿಲ್ 29ರಿಂದ ಎಲ್ಲ ಪೆಟ್ಟಿಗೆಗೂ ಒಂದೇ ಪಾಸ್‌ವರ್ಡ್ ಹಾಕಿ ಮಾರುವುದು ಕಾನೂನು ಪ್ರಕಾರ ತಪ್ಪು. ನಮ್ಮ ದೂರಸಂಪರ್ಕ ಇಲಾಖೆಯೂ ಇಂಟರ್ನೆಟ್ ಕೊಡುವವರ ಮೇಲೆ ಇದನ್ನು ಕಟ್ಟುನಿಟ್ಟಾಗಿ ಹೇರಲಿ, ಕೂರಿಸಿದ ದಿನ ಸಹಿ ಹಾಕಿಸಿಕೊಳ್ಳುವ ಫಾರಂನಲ್ಲಿ ‘ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಲಾಗಿದೆ’ ಅಂತ ಒಂದು ಸಾಲು ಸೇರಿಸಲಿ. ಸಿಸಿಟಿವಿ ಹಾಕುವವರಿಗೂ ಇದೇ ಮಾತು, ಅವರದ್ದು ನಮಗಿಂತ ಜಾಸ್ತಿ ಅವಾಂತರ.

ನಾನು ಆ ಕೆಲಸ ಬಿಟ್ಟು ಎರಡು ವರ್ಷ ಆಯಿತು. ನಮ್ಮ ಬೀದಿಯಲ್ಲಿ ನಾನೇ ಕೂರಿಸಿದ ಹನ್ನೊಂದು ಮೋಡೆಮ್ ಇವೆ. ಏಳು ಮನೆಗೆ ಹೋಗಿ ಬದಲಾಯಿಸಿ, ಹೊಸ ಪಾಸ್‌ವರ್ಡ್ ಚೀಟಿಯಲ್ಲಿ ಬರೆದು ಹಾಲಿನ ಲೆಕ್ಕದ ಕ್ಯಾಲೆಂಡರ್ ಹಿಂದೆ ಅಂಟಿಸಿ ಬಂದಿದ್ದೇನೆ. ಮೂರು ಮನೆಯವರು ಊರಲ್ಲಿಲ್ಲ. ಒಬ್ಬರು ಕ್ರಿಕೆಟ್ ಮ್ಯಾಚ್ ಮುಗಿಯಲಿ, ಆಮೇಲೆ ಬಾ ಮಾರಾಯ ಅಂದರು.

— ಹಳೆಯ ಕೇಬಲ್ ಹುಡುಗ, ಸಾಗರ