ಅಜ್ಜಿಯ ಜೋಡೆತ್ತು, ನಿನ್ನ ಮೊದಲ ಓಟು

ಪುಟ್ಟಿ,

ಓಟರ್ ಐಡಿ ಬಂತು ಅಂತ ಫೋಟೋ ಕಳಿಸಿ, ಜೊತೆಗೆ "ಅಮ್ಮಾ, ಕಾಂಗ್ರೆಸ್ಸಿಗೂ ಬಿಜೆಪಿಗೂ ನಿಜಕ್ಕೂ ಏನು ವ್ಯತ್ಯಾಸ?" ಅಂತ ಕೇಳಿದ್ದೀಯ. ವಾಟ್ಸಾಪಿನಲ್ಲಿ ಹೇಳಿ ಮುಗಿಸೋ ವಿಷಯ ಅಲ್ಲ ಇದು.

ಅಜ್ಜಿಯಿಂದಲೇ ಶುರು ಮಾಡುತ್ತೇನೆ. ಅವಳಿಗೆ ಪಕ್ಷದ ಹೆಸರು ಬೇಕಿರಲಿಲ್ಲ, ಗುರುತು ಸಾಕಿತ್ತು. ಮೊದಲು ಜೋಡೆತ್ತಿಗೆ ಮುದ್ರೆ ಒತ್ತಿದಳು. 1969ರಲ್ಲಿ ಕಾಂಗ್ರೆಸ್ ಒಡೆದ ಮೇಲೆ ಹಸು-ಕರುವಿಗೆ, ಆಮೇಲೆ ಕೈಗೆ. ಕಾರಣ ಇತ್ತು. ದೇವರಾಜ ಅರಸರು ಮುಖ್ಯಮಂತ್ರಿ ಆಗಿದ್ದ ಕಾಲದಲ್ಲಿ, ಉಳುವವರು ನಾವೇ ಅಂತ ಡಿಕ್ಲರೇಶನ್ ಅರ್ಜಿ ಹಾಕಿ ನಮ್ಮ ಗೇಣಿ ಗದ್ದೆ ಅಜ್ಜನ ಹೆಸರಿಗೆ ಆಗಿತ್ತು. ಗದ್ದೆ ಕಳಕೊಂಡ ಒಡೆಯರ ಮನೆಯವರು ಅದೇ ಕಾರಣಕ್ಕೆ ಆ ಪಕ್ಷದ ಮುಖ ನೋಡಲಿಲ್ಲ.

ಕಾಂಗ್ರೆಸ್ ಹುಟ್ಟಿದ್ದು 1885ರಲ್ಲಿ, ಮುಂಬೈಯಲ್ಲಿ. ಸೇರಿದ್ದವರು 72 ಜನ, ಬ್ರಿಟಿಷರಿಗೆ ಮನವಿ ಕೊಡುವ ಓದಿದವರ ಸಭೆ. ಗಾಂಧೀಜಿ ಬಂದ ಮೇಲೆ ಅದು ಹಳ್ಳಿಗಿಳಿಯಿತು. ಎಲ್ಲ ಜಾತಿ, ಎಲ್ಲ ಅಭಿಪ್ರಾಯದವರೂ ತಂಗುವ ಛತ್ರದ ಹಾಗೆ ಬೆಳೆಯಿತು. ಛತ್ರದಲ್ಲಿ ಜಗಳವೂ ಜಾಸ್ತಿ, ಅಲ್ವಾ?

ಬಿಜೆಪಿಯ ಬೇರು ಬೇರೆ. 1951ರಲ್ಲಿ ಶ್ಯಾಮಪ್ರಸಾದ್ ಮುಖರ್ಜಿ ಆರ್‌ಎಸ್‌ಎಸ್ ಬೆಂಬಲದಿಂದ ಜನಸಂಘ ಕಟ್ಟಿದರು. ಗುರುತು ದೀಪ. 1977ರಲ್ಲಿ ಅದು ಜನತಾ ಪಕ್ಷದೊಳಗೆ ಸೇರಿತು. ಆರ್‌ಎಸ್‌ಎಸ್ ನಂಟಿನ ವಿಷಯಕ್ಕೆ ಅಲ್ಲಿ ಜಗಳವಾಗಿ, 1980ರಲ್ಲಿ ಬಿಜೆಪಿ ಅಂತ ಹೆಸರಿಟ್ಟುಕೊಂಡು, ಕಮಲ ಹಿಡಿದು ಹೊರಬಂತು. 1984ರಲ್ಲಿ ಲೋಕಸಭೆಯಲ್ಲಿ ಸಿಕ್ಕಿದ್ದು ಎರಡೇ ಸೀಟು. ಕಾಶ್ಮೀರಕ್ಕೆ ಪ್ರತ್ಯೇಕ ಸ್ಥಾನ ಬೇಡ ಅಂತ ಮುಖರ್ಜಿ ಹೇಳಿದ್ದನ್ನು ಅದು ಬಿಡಲಿಲ್ಲ, 2019ರಲ್ಲಿ ಮಾಡಿಯೇ ತೋರಿಸಿತು. ಧರ್ಮ, ರಾಷ್ಟ್ರ ಅಂದಾಗ ಎರಡೂ ಪಕ್ಷಗಳ ವ್ಯತ್ಯಾಸ ಇವತ್ತಿಗೂ ಸ್ಪಷ್ಟ.

ದುಡ್ಡಿನ ವಿಷಯಕ್ಕೆ ಬಂದರೆ ಮಾತ್ರ ನನಗೆ ನಗು ಬರುತ್ತದೆ. 1969ರಲ್ಲಿ 14 ಬ್ಯಾಂಕುಗಳನ್ನು ಸರ್ಕಾರಕ್ಕೆ ಸೇರಿಸಿಕೊಂಡದ್ದು ಕಾಂಗ್ರೆಸ್. 1991ರಲ್ಲಿ ಖಾಸಗಿಯವರಿಗೆ ಬಾಗಿಲು ತೆರೆದದ್ದೂ ಅದೇ. ಜಿಎಸ್‌ಟಿ ತರುತ್ತೇವೆ ಅಂತ ಮೊದಲು ಹೊರಟದ್ದು ಕಾಂಗ್ರೆಸ್, ಆಗ ಅಡ್ಡ ಬಂದದ್ದು ಬಿಜೆಪಿ ಆಳುತ್ತಿದ್ದ ಗುಜರಾತ್, ಮಧ್ಯಪ್ರದೇಶ. 2017ರಲ್ಲಿ ಬಿಜೆಪಿಯೇ ತಂದಾಗ ತಕರಾರು ತೆಗೆದದ್ದು ಕಾಂಗ್ರೆಸ್. ನಮ್ಮ ರಾಜ್ಯದಲ್ಲಂತೂ ಲಕ್ಷ್ಮಿ ಎರಡೂ ಮನೆಯಲ್ಲಿದ್ದಾಳೆ. 2006ರಲ್ಲಿ ಹೆಣ್ಣುಮಗುವಿನ ಹೆಸರಲ್ಲಿ ದುಡ್ಡಿಡುವ ಜೆಡಿಎಸ್-ಬಿಜೆಪಿ ಸರ್ಕಾರದ ಭಾಗ್ಯಲಕ್ಷ್ಮಿ, 2023ರಲ್ಲಿ ಮನೆಯೊಡತಿಗೆ ತಿಂಗಳ ದುಡ್ಡು ಕೊಡುವ ಕಾಂಗ್ರೆಸ್ಸಿನ ಗೃಹಲಕ್ಷ್ಮಿ. ಆದರೆ ಜಮೀನಿನ ವಿಷಯ ನೋಡು. ಅರಸರು ಉಳುವವನಿಗೆ ಭೂಮಿ ಕೊಟ್ಟರು. 2020ರಲ್ಲಿ ಬಿಜೆಪಿ ಸರ್ಕಾರ, ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಅಂತ ಕಾನೂನು ಬದಲಿಸಿತು. ನಮ್ಮ ಗದ್ದೆಯ ಆಚೆ ಬದಿ ಈಗ ಬೇಲಿ ಬಿದ್ದಿದೆ, ನೀನೇ ನೋಡಿದ್ದೀಯ.

1978ರಲ್ಲಿ ಇಂದಿರಾ ಗಾಂಧಿ ನಮ್ಮ ಚಿಕ್ಕಮಗಳೂರಿಗೇ ಬಂದು ನಿಂತು ಗೆದ್ದರು. ನನಗಾಗ ಆರು ವರ್ಷ, ಪ್ರಚಾರದ ಜೀಪಿನ ಹಿಂದೆ ಓಡಿದ್ದಷ್ಟೇ ನೆನಪು. ಎದುರಿಗೆ ನಿಂತು ಸೋತವರು ಜನತಾ ಪಕ್ಷದ ವೀರೇಂದ್ರ ಪಾಟೀಲರು. ಅದೇ ಪಾಟೀಲರು 1989ರಲ್ಲಿ ಕಾಂಗ್ರೆಸ್ಸಿನ ಮುಖ್ಯಮಂತ್ರಿ ಆದಾಗ ಅಜ್ಜಿ, "ಎತ್ತು ಯಾವ ಕೊಟ್ಟಿಗೆಗೆ ಹೋದರೇನು, ಹುಲ್ಲು ಅದೇ" ಅಂತ ನಕ್ಕಿದ್ದಳು. ಓಟು ಮಾತ್ರ ಕೈಗೇ ಹಾಕಿದಳು.

ಯಾರಿಗೆ ಹಾಕಿದೆ ಅಂತ ನನಗೆ ಹೇಳಬೇಡ. ನಾನೂ ನಿನ್ನಪ್ಪನಿಗೆ ಇವತ್ತಿನವರೆಗೆ ಹೇಳಿಲ್ಲ, ಪಾಪ ಕೇಳುತ್ತಲೇ ಇರುತ್ತಾರೆ. ಅಡಿಕೆ ಕೊಯ್ಲು ಶುರುವಾಗಿದೆ. ರಜೆ ಸಿಕ್ಕರೆ ಬಾ.

ನಿನ್ನ
ಅಮ್ಮ