ಅಕ್ಕನ ಡಯಾಲಿಸಿಸ್‌ಗೆ ಒಂದು ವರ್ಷ, ಥ್ಯಾಂಕ್ಸ್ ಹೇಳಬೇಕಾದವರು ತುಂಬಾ ಜನ

ಅಕ್ಕ ಮನೆಯಲ್ಲೇ ಡಯಾಲಿಸಿಸ್ ಶುರು ಮಾಡಿ ಈ ವಾರಕ್ಕೆ ಒಂದು ವರ್ಷ ತುಂಬಿತು. ಕೆಲಸಕ್ಕೆ ಹೋಗುತ್ತಿದ್ದಾಳೆ. ಹಸಿವು ವಾಪಸ್ ಬಂದಿದೆ, ಕಾಲಿನ ಊತ ಇಳಿದಿದೆ. ಹೇಗಿದ್ದಾಳೆ ಅಂತ ಕೇಳುತ್ತಲೇ ಇದ್ದ ಎಲ್ಲರಿಗೂ ಇದೇ ಉತ್ತರ. ಜೊತೆಗೆ ಕೆಲವರಿಗೆ ಥ್ಯಾಂಕ್ಸ್ ಹೇಳುವುದು ಬಾಕಿ ಇದೆ.

ಮೊದಲು ನಮ್ಮ ಕಿಡ್ನಿ ಡಾಕ್ಟರಿಗೆ. ಅಕ್ಕನ ಜಿಎಫ್‌ಆರ್ (ಕಿಡ್ನಿ ರಕ್ತವನ್ನು ಎಷ್ಟು ಸೋಸುತ್ತಿದೆ ಅನ್ನುವ ಅಳತೆ) 20ರ ಹತ್ತಿರ ಇದ್ದಾಗಲೇ ಅವರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಮಾತಾಡಿದರು. ಆಗಿನ್ನೂ ಡಯಾಲಿಸಿಸ್ ಬೇಕಿರಲಿಲ್ಲ. ಎಷ್ಟೋ ಮನೆಗಳಲ್ಲಿ ಈ ಮಾತು ಶುರುವಾಗುವುದೇ ಎಮರ್ಜೆನ್ಸಿ ವಾರ್ಡಿನಲ್ಲಿ. ಉಸಿರು ಕಟ್ಟಿರುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಅಪಾಯದ ಮಟ್ಟಕ್ಕೆ ಏರಿರುತ್ತದೆ, ಕುತ್ತಿಗೆಗೆ ಟ್ಯೂಬ್ ಹಾಕಿ ಮೆಷಿನ್‌ಗೆ ಜೋಡಿಸುತ್ತಾರೆ. ಆ ಹೊತ್ತಿನಲ್ಲಿ ಯಾವುದು ಬೇಕು ಅಂತ ಯೋಚಿಸುವ ಶಕ್ತಿ ಯಾರಿಗಿರುತ್ತದೆ? "ಈಗ ನಿಮಗೆ ಟೈಮ್ ಇದೆ, ಅದಕ್ಕೇ ಈಗ ಹೇಳ್ತಿದೀನಿ" ಅಂದರು ಡಾಕ್ಟರು. ಮೆಷಿನ್ ಡಯಾಲಿಸಿಸ್, ಹೊಟ್ಟೆ ಡಯಾಲಿಸಿಸ್, ಕಿಡ್ನಿ ಕಸಿ, ಎಲ್ಲವನ್ನೂ ಬಿಡಿಸಿ ಹೇಳಿದರು. ತೀರಾ ವಯಸ್ಸಾಗಿ ಬೇರೆ ಕಾಯಿಲೆಗಳೂ ಇರುವ ಕೆಲವರು ಡಯಾಲಿಸಿಸ್ ಬೇಡ ಅಂತ ತೀರ್ಮಾನಿಸಿ, ಔಷಧಿಯಲ್ಲೇ ನೋವು, ಸಂಕಟ ಕಡಿಮೆ ಮಾಡಿಸಿಕೊಳ್ಳುತ್ತಾರೆ ಅನ್ನುವುದನ್ನೂ ಮುಚ್ಚಿಡಲಿಲ್ಲ. ಅವತ್ತಿನಿಂದಲೇ ಅಕ್ಕನ ಎಡ ಮುಂಗೈಗೆ ಸೂಜಿ ಬೇಡ ಅಂದರು. ರಕ್ತ ತೆಗೆಯುವುದಿದ್ದರೆ ಅಂಗೈ ಹಿಂಭಾಗದಿಂದ. ಮುಂದೆ ಯಾವತ್ತಾದರೂ ಮೆಷಿನ್ ಬೇಕಾದರೆ ಆ ಕೈಯ ರಕ್ತನಾಳಗಳು ಚೆನ್ನಾಗಿರಬೇಕು.

ಎರಡನೆಯವರು ಡಯಾಲಿಸಿಸ್ ಯೂನಿಟ್ಟಿನಲ್ಲಿ ಸಿಕ್ಕ ಒಬ್ಬ ಹಿರಿಯರು. ಪರಿಚಯವೇ ಇಲ್ಲದ ಅಕ್ಕನ ಬೆರಳನ್ನು ತಮ್ಮ ಕೈಯ ಫಿಸ್ಟುಲಾ (ಮೆಷಿನ್‌ನ ಸೂಜಿ ಚುಚ್ಚಲು ಆಪರೇಷನ್ ಮಾಡಿ ರಕ್ತನಾಳ ಜೋಡಿಸಿದ ಜಾಗ) ಮೇಲೆ ಇಡಿಸಿದರು. ಚರ್ಮದ ಕೆಳಗೆ ದುಂಬಿ ಸಿಕ್ಕಿಹಾಕಿಕೊಂಡ ಹಾಗೆ ಒಂದೇ ಸಮ ಗುಂಯ್‌ಗುಡುತ್ತಿತ್ತು. ಅಪಧಮನಿಯನ್ನು ಅಭಿಧಮನಿಗೆ ಜೋಡಿಸಿರುವುದರಿಂದ ರಕ್ತ ಅಷ್ಟು ಜೋರಾಗಿ ಹರಿಯುತ್ತದಂತೆ. ಆಪರೇಷನ್ ಆದ ಮೇಲೆ ಅದು ಬಲಿಯಲು ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಬೇಕು. "ದಿನಾ ಬೆಳಗ್ಗೆ ಎದ್ದು ಮೊದಲು ಇದನ್ನ ಮುಟ್ಟಿ ನೋಡ್ತೀನಮ್ಮ. ಸುಮ್ಮನಾಗಿದ್ರೆ ನೇರ ಆಸ್ಪತ್ರೆಗೆ" ಅಂದರು. ಅವರಿಗೆ ಮೆಷಿನ್ ಡಯಾಲಿಸಿಸ್ ವಾರಕ್ಕೆ 3 ಸಲ, ಸಲಕ್ಕೆ 4 ಗಂಟೆ. ನಡುವಿನ ದಿನಗಳಲ್ಲಿ ನೀರು ಕುಡಿಯುವುದಕ್ಕೂ ಅಳತೆ. ಮೆಷಿನ್ ಮೈಯಿಂದ ಜಾಸ್ತಿ ನೀರು ತೆಗೆದ ದಿನ ಕಾಲಿನ ಸ್ನಾಯು ಹಿಡಿದುಕೊಳ್ಳುತ್ತದೆ. ಆದರೂ ಅವರಿಗೆ ಅದೇ ಇಷ್ಟ. ಸಿಸ್ಟರ್‌ಗಳು ಎಲ್ಲಾ ನೋಡಿಕೊಳ್ಳುತ್ತಾರೆ, ಮನೆಯಲ್ಲಿ ಮಾಡುವುದೇನೂ ಇಲ್ಲ. ಯಾವುದು ಮೇಲು ಅಂತ ಎಲ್ಲರಿಗೂ ಒಂದೇ ಉತ್ತರ ಇಲ್ಲ ಅನ್ನುವುದು ನನಗೆ ಅವರ ಮಾತಿನಿಂದಲೇ ಅರ್ಥವಾಯಿತು.

ಅಕ್ಕನಿಗೆ ಸೆಂಟರ್ ದೂರ, ಕೆಲಸ ಬಿಡುವ ಹಾಗಿರಲಿಲ್ಲ. ಹೊಟ್ಟೆ ಡಯಾಲಿಸಿಸ್ ಆರಿಸಿಕೊಂಡಳು. ಇದರಲ್ಲಿ ಹೊಟ್ಟೆಯೊಳಗಿನ ತೆಳು ಪೊರೆಯೇ ಫಿಲ್ಟರ್. ಸಣ್ಣ ಟ್ಯೂಬಿನಿಂದ ಸಕ್ಕರೆ ಅಂಶದ ದ್ರವ ಒಳಗೆ ಬಿಟ್ಟರೆ, ಕೆಲವು ಗಂಟೆ ಅಲ್ಲೇ ಇದ್ದು ರಕ್ತದ ಕಲ್ಮಶವನ್ನೂ ಜಾಸ್ತಿ ನೀರನ್ನೂ ಎಳೆದುಕೊಳ್ಳುತ್ತದೆ. ಆಮೇಲೆ ಅದನ್ನು ಹೊರಗೆ ಬಿಟ್ಟು ಹೊಸದು ತುಂಬಬೇಕು. ಅಕ್ಕನಿಗೆ ದಿನಕ್ಕೆ 4 ಸಲ, ಸಲಕ್ಕೆ 2 ಲೀಟರ್, ಒಂದೊಂದಕ್ಕೂ ಅರ್ಧ ಗಂಟೆಯ ಮೇಲೆ. ರಾತ್ರಿ ಮಲಗಿದಾಗ ಮೆಷಿನ್ನೇ ಮಾಡುವ ವಿಧಾನವೂ ಇದೆ.

ಟ್ರೈನಿಂಗ್ ಕೊಟ್ಟ ಸಿಸ್ಟರ್, ನಿಮಗೆ ಎಷ್ಟು ಹೇಳಿದರೂ ಕಡಿಮೆ. ಕೈ ತೊಳೆಯುವುದನ್ನೇ ಮತ್ತೆ ಮತ್ತೆ ಮಾಡಿಸಿದಿರಿ. ಫ್ಯಾನ್ ಆಫ್, ಕಿಟಕಿ ಬಂದ್, ಮಾಸ್ಕ್. ಹೊಟ್ಟೆಯಿಂದ ಹೊರಬಂದ ದ್ರವದ ಬ್ಯಾಗಿನ ಕೆಳಗೆ ಅಚ್ಚಾದ ಕಾಗದ ಇಟ್ಟು, ಅಕ್ಷರ ಓದಲು ಬಂದರೆ ಸರಿ, ಮಬ್ಬಾಗಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ ಅಂದಿರಿ. ಒಂದು ರಾತ್ರಿ ಅಕ್ಷರ ಕಾಣಲೇ ಇಲ್ಲ. ಅಕ್ಕನಿಗೆ ಹೊಟ್ಟೆನೋವು, ಸಣ್ಣ ಜ್ವರ. ನೀವು ಫೋನ್ ಎತ್ತಿ "ಆ ಬ್ಯಾಗನ್ನೂ ತಗೊಂಡು ಈಗಲೇ ಹೊರಡಿ" ಅಂದಿರಿ. ಹೊಟ್ಟೆಯೊಳಗೆ ಸೋಂಕಾಗಿತ್ತು. ದ್ರವದ ಜೊತೆಗೇ ಆಂಟಿಬಯೋಟಿಕ್ ಕೊಟ್ಟರು, ವಾಸಿಯಾಯಿತು. ಬೆಳಗಿನವರೆಗೆ ಕಾದಿದ್ದರೆ ಏನಾಗುತ್ತಿತ್ತೋ, ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತದೆ.

ತಿಂಗಳಿಗೆ ಸುಮಾರು 240 ಲೀಟರ್ ದ್ರವವನ್ನು ಮೆಟ್ಟಿಲು ಹತ್ತಿಸಿ, ಹಳೆಯ ಪೆಟ್ಟಿಗೆ ಮುಂದೆ, ಹೊಸದು ಹಿಂದೆ ಜೋಡಿಸಿ ಕೊಡುವ ಹುಡುಗರಿಗೂ ಥ್ಯಾಂಕ್ಸ್. ಮಧ್ಯಾಹ್ನದ ಬ್ಯಾಗಿಗೆ ಆಫೀಸಿನಲ್ಲಿ ಒಂದು ರೂಮು ಬಿಟ್ಟುಕೊಟ್ಟವರಿಗೆ, ಆ ಹೊತ್ತಿನಲ್ಲಿ ಯಾರೂ ಬಾಗಿಲು ತೆಗೆಯದ ಹಾಗೆ ಕಾಯುವ ಗೆಳತಿಗೆ ಕೂಡ.

ಖರ್ಚಿನ ಕಾಗದಪತ್ರಗಳಲ್ಲಿ ಕೈಹಿಡಿದ ಆಸ್ಪತ್ರೆಯ ಸೋಷಿಯಲ್ ವರ್ಕರ್ ಅವರನ್ನು ಮರೆಯುವ ಹಾಗೇ ಇಲ್ಲ. 1960ರ ದಶಕದ ಶುರುವಿನಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಮೆಷಿನ್‌ಗಳು ಕಡಿಮೆ ಇದ್ದವು. ಯಾರಿಗೆ ಡಯಾಲಿಸಿಸ್ ಕೊಡಬೇಕು ಅಂತ ಒಂದು ಸಮಿತಿ ಕೂತು ಆರಿಸುತ್ತಿತ್ತಂತೆ. ಈಗಲೂ ಜಗತ್ತಿನಲ್ಲಿ ಲಕ್ಷಾಂತರ ಜನರಿಗೆ ದುಡ್ಡಿಲ್ಲದೆ, ಹತ್ತಿರ ಸೆಂಟರ್ ಇಲ್ಲದೆ ಚಿಕಿತ್ಸೆ ಸಿಗುತ್ತಿಲ್ಲ. ಅಕ್ಕನಿಗೆ ಸಿಕ್ಕಿತು. ಅದು ಎಲ್ಲರಿಗೂ ಸಿಗಲೇಬೇಕು.

ಕಸಿಗೆ ಪರೀಕ್ಷೆಗಳು ನಡೆಯುತ್ತಿವೆ. ಅಲ್ಲಿಯವರೆಗೆ ಬ್ಯಾಗ್ ಮುಂದುವರಿಯುತ್ತದೆ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ರಕ್ತದಲ್ಲಿ ಕ್ರಿಯೇಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ಕಲ್ಮಶ) ಏರುತ್ತಿದ್ದು, ಮೆಷಿನ್ನೋ ಹೊಟ್ಟೆಯೋ ಅಂತ ಗೊಂದಲ ಇದ್ದರೆ ಡಾಕ್ಟರ ಹತ್ತಿರ ಮಾತಾಡಿ, ಆಮೇಲೆ ಅಕ್ಕನಿಗೂ ಫೋನ್ ಮಾಡಿ. ಸಂಜೆಯ ಬ್ಯಾಗ್ ಮುಗಿದ ಮೇಲೆ ಅವಳು ಫ್ರೀ ಇರುತ್ತಾಳೆ.