ನಕ್ಷೆಯನ್ನು ಗೋಡೆಯಿಂದ ನೆಲಕ್ಕೆ ಇಳಿಸಿ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಬಂತೆಂದರೆ ಅಂಗನವಾಡಿ, ಎಲ್‌ಕೆಜಿ ಕೋಣೆಗಳ ಗೋಡೆಗೆ ಬಣ್ಣ ಬಳಿಸುವ ಕೆಲಸ ಶುರುವಾಗುತ್ತದೆ. ಖರ್ಚು ಪಂಚಾಯಿತಿಯದ್ದಿರಲಿ, ದಾನಿಗಳದ್ದಿರಲಿ, ಎರಡು ಚಿತ್ರ ಮಾತ್ರ ತಪ್ಪುವುದಿಲ್ಲ: ಒಂದು ಭಾರತದ ನಕ್ಷೆ, ಇನ್ನೊಂದು ಕರ್ನಾಟಕದ್ದು. ಜೂನ್‌ನಲ್ಲಿ ಸೇರಿದ ನಾಲ್ಕು ವರ್ಷದ ಮಗು ವಾರ್ಷಿಕೋತ್ಸವದ ಹೊತ್ತಿಗೆ 31 ಜಿಲ್ಲೆಗಳ ಹೆಸರನ್ನು ಗಡಗಡನೆ ಒಪ್ಪಿಸುತ್ತದೆ, ಚಪ್ಪಾಳೆಯೂ ಬೀಳುತ್ತದೆ. ಬಾಯಿಪಾಠಕ್ಕೆ ನಮ್ಮ ತಕರಾರಿಲ್ಲ. ಆದರೆ ಅದನ್ನು ನಕ್ಷೆ ಕಲಿಸಿದ್ದು ಎಂದು ಲೆಕ್ಕಕ್ಕೆ ಹಿಡಿಯಬಾರದು. ಈ ವಯಸ್ಸಿಗೆ ನಕ್ಷೆಯನ್ನು ನಿಜವಾಗಿಯೂ ಕಲಿಸಬಹುದು. ಅದಕ್ಕೆ ಬೇಕಾದದ್ದು ಗೋಡೆಯಲ್ಲ, ನೆಲ.

ಮೊದಲು ಗೋಡೆಯ ತೊಂದರೆ ಏನೆಂದು ನೋಡೋಣ. ಮುದ್ರಿತ ನಕ್ಷೆಯಲ್ಲಿ ಬಡಗು (ಉತ್ತರ) ಮೇಲಿರುತ್ತದೆ, ಪಡು (ಪಶ್ಚಿಮ) ಎಡಕ್ಕಿರುತ್ತದೆ. ಕೋಣೆಯ ಬಡಗು ಗೋಡೆಗೆ ಅದನ್ನು ಬರೆಸಿದರೆ ನೋಡುವವರ ಎಡಗೈ ಪಡುವಿಗೇ ಇರುವುದರಿಂದ ಚಿತ್ರದ ಅರಬ್ಬೀ ಸಮುದ್ರವೂ ನಿಜವಾದ ಸಮುದ್ರವೂ ಒಂದೇ ಕಡೆ ಬೀಳುತ್ತವೆ. ಪಡು ಗೋಡೆಗೆ ಬರೆಸಿದರೆ ಎಡಗೈ ತೆಂಕಿಗೆ (ದಕ್ಷಿಣಕ್ಕೆ) ಹೋಯಿತು. ಉಡುಪಿಯ ಕಡಲ ಬದಿಯ ಮಲ್ಪೆಯ ಮಗು ಕಡಲನ್ನು ತೆಂಕಿನ ಕಾಪು ಊರಿನ ಕಡೆ ಹುಡುಕಬೇಕು. ತೆಂಕು ಗೋಡೆಯಾದರೆ ಕೇಳುವುದೇ ಬೇಡ, ಕಡಲು ಮೂಡು (ಪೂರ್ವ) ದಿಕ್ಕಿನ ಘಟ್ಟದ ಕಡೆ ಹೋಗಿ ಕೂತಿತು! ಹೆಚ್ಚಿನ ಕೋಣೆಗಳಲ್ಲಿ ಕಿಟಕಿ ಬಾಗಿಲು ಇಲ್ಲದ ಗೋಡೆ ಯಾವುದೋ ಅದಕ್ಕೆ ನಕ್ಷೆ ಬರುತ್ತದೆ, ದಿಕ್ಕು ನೋಡುವವರು ಕಡಿಮೆ. ಮೇಲಾಗಿ, ಗೋಡೆಯ ಮೇಲಿನ ನಕ್ಷೆ ನೋಡಿ ಬೆಳೆದ ಮಕ್ಕಳಿಗೆ ಬಡಗು ಎಂದರೆ ಮಾಡಿನ (ಛಾವಣಿಯ) ಕಡೆ ಎಂಬ ಕಲ್ಪನೆ ಗಟ್ಟಿಯಾಗುತ್ತದೆ. ಆಮೇಲೆ ಅದನ್ನು ಬಿಡಿಸುವುದು ಕಷ್ಟ.

ನೆಲದಲ್ಲಿ ಈ ರಗಳೆ ಇಲ್ಲ. ಅಲ್ಲಿ ಮಕ್ಕಳು ಮೊದಲು ಕಲಿಯುವುದು ತಮ್ಮ ಕೋಣೆಯದ್ದೇ ನಕ್ಷೆ; ಅದರಲ್ಲಿ ಗುರುತಿಸಿದ ಬಾಗಿಲನ್ನು ಕೋಣೆಯ ಬಾಗಿಲ ಕಡೆ ತಿರುಗಿಸಿ ಇಟ್ಟರೆ ಮುಗಿಯಿತು.

ಮೂರರಿಂದ ನಾಲ್ಕು ವರ್ಷದವರಿಗೆ ಕಾಗದ ಪೆನ್ಸಿಲ್ ಕೊಡುವ ಮೊದಲು ಮಾತು ಬೇಕು. ಮೇಲೆ, ಕೆಳಗೆ, ಹಿಂದೆ, ಮುಂದೆ, ಪಕ್ಕ, ನಡುವೆ: ಇವನ್ನು ಆಟದಲ್ಲಿ ದಿನಾ ಬಳಸಬೇಕು. ‘ಚಪ್ಪಲಿ ಬೆಂಚಿನ ಅಡಿಗೆ ಇಡು’, ‘ಕಪಾಟಿನ ಹಿಂದೆ ಅಡಗು’ ಎಂಬಂಥ ಸಣ್ಣ ಸಣ್ಣ ಅಪ್ಪಣೆ ಸಾಕು. ಎಡ ಬಲ ಈಗಲೇ ಬೇಡ. ಐದು ತುಂಬಿದವರೂ ಅದರಲ್ಲಿ ತಡವರಿಸುತ್ತಾರೆ, ಎದುರು ನಿಂತ ಟೀಚರ್ ಕೈ ಎತ್ತಿ ತೋರಿಸಿದರೆ ಗೊಂದಲ ಇಮ್ಮಡಿ. ‘ಕಿಟಕಿ ಕಡೆ’, ‘ಬಾಗಿಲ ಕಡೆ’ ಎನ್ನಿ. ಹೊರಗೆ ಹೋದಾಗ ‘ಕಡಲಿನ ಕಡೆ’, ‘ಗುಡ್ಡೆಯ ಕಡೆ’ ಎನ್ನಿ. ನಮ್ಮ ಹಿರಿಯರು ಮೂಡು, ಪಡು, ತೆಂಕು, ಬಡಗು ಎಂದೇ ದಾರಿ ಹೇಳುವವರು. ಮನೆಯಲ್ಲಿ ಆ ಮಾತು ಇನ್ನೂ ಉಳಿದಿದ್ದರೆ ಮಗುವಿಗೆ ಅದಕ್ಕಿಂತ ಒಳ್ಳೆಯ ಪಾಠವಿಲ್ಲ.

ಮುಂದಿನ ಹೆಜ್ಜೆಯೇ ಇಡೀ ಕೆಲಸದ ತಿರುಳು: ವಸ್ತುವನ್ನು ಮೇಲಿನಿಂದ ನೋಡುವುದು. ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಬಿಳಿ ಬದಿ ಮೇಲಾಗಿ ನೆಲದಲ್ಲಿ ಹಾಸಿ, ನಾಲ್ಕು ಮೂಲೆಗೆ ಟೇಪ್ ಹಚ್ಚಿ. ಐದಾರು ವಸ್ತು ಇಡಿ. ಮಗುವನ್ನು ಒಂದಡಿ ಎತ್ತರದ ಗಟ್ಟಿ ಸ್ಟೂಲಿನ ಮೇಲೆ ಕೈ ಹಿಡಿದು ನಿಲ್ಲಿಸಿ, ಕೆಳಗೆ ಏನು ಕಾಣುತ್ತದೆ ಎಂದು ಕೇಳಿ. ಆಮೇಲೆ ಒಂದೊಂದರ ಸುತ್ತ ಮೇಣದ ಬಣ್ಣದಲ್ಲಿ ಗೆರೆ ಎಳೆಸಿ, ವಸ್ತುಗಳನ್ನು ತೆಗೆದು ಬುಟ್ಟಿಗೆ ಹಾಕಿ. ಇನ್ನೊಂದು ಮಗು ಬಂದು ಯಾವುದು ಯಾವ ಗೆರೆಯಲ್ಲಿತ್ತು ಎಂದು ನೋಡಿ ತಿರುಗಿ ಇಡಬೇಕು. ಇಷ್ಟಾದರೆ ಆ ಹಾಳೆಯೇ ಅವರ ಮೊದಲ ನಕ್ಷೆ.

ಇಲ್ಲಿ ತಪ್ಪುವುದು ಸಾಮಾನ್ಯವಾಗಿ ವಸ್ತುವಿನ ಆಯ್ಕೆಯಲ್ಲಿ. ಕೈಗೆ ಸುಲಭವಾಗಿ ಸಿಗುವುದು ಸ್ಟೀಲ್ ಲೋಟ. ಅದರ ಬಾಯಿ ಅಗಲ, ತಳ ಸಣ್ಣ. ಮಗು ಮೇಲಿನಿಂದ ನೋಡುವುದು ಬಾಯಿಯನ್ನು, ಗೆರೆ ಬೀಳುವುದು ತಳದ ಸುತ್ತ. ಎತ್ತಿ ನೋಡಿದರೆ ಹಾಳೆಯಲ್ಲಿರುವ ವೃತ್ತ ತಾನು ಕಂಡದ್ದಕ್ಕಿಂತ ಸಣ್ಣದು. ‘ಇದು ಲೋಟದ್ದಲ್ಲ’ ಎನ್ನುತ್ತದೆ, ಅದು ಹೇಳುವುದೇ ಸರಿ. ಹೊಟ್ಟೆ ಉಬ್ಬಿದ ಚೆಂಬಿನ ಕತೆಯೂ ಅಷ್ಟೆ. ಬದಿ ನೇರವಾಗಿರುವ ವಸ್ತು ಆರಿಸಿ: ಬೆಂಕಿಪೊಟ್ಟಣ, ಸಾಬೂನಿನ ಪೆಟ್ಟಿಗೆ, ಟಿಫಿನ್ ಡಬ್ಬಿ, ಡಸ್ಟರ್, ಅಗಲವಾದ ಬಳೆ. ಚಪ್ಪಲಿಯೂ ಆಗುತ್ತದೆ, ಮಕ್ಕಳಿಗೆ ಅದರ ಮೇಲೆ ಬಹಳ ಪ್ರೀತಿ. ಬಣ್ಣದ ಕಡ್ಡಿಯನ್ನು ಹೊರಕ್ಕೆ ವಾಲಿಸಿ ಹಿಡಿದರೂ ಗೆರೆ ದೂರ ಸರಿಯುತ್ತದೆ. ಮಾರ್ಕರ್ ಪೆನ್ ಕಾಗದ ದಾಟಿ ಕಾವಿ ನೆಲಕ್ಕೆ ಇಳಿದರೆ ಹೋಗುವುದಿಲ್ಲ, ಆದ್ದರಿಂದ ಬೇಡ.

ಇದು ಕೂಡಿಬಂದ ಮೇಲೆ ಕೋಣೆಯ ಮಾದರಿ. ಟೀಚರಿಗೆ ಒಂದು ಸುಲಭದ ಅಳತೆ ಇದೆ: ಅಡಿಗೆ ಒಂದು ಇಂಚು. ಕೋಣೆ 20 ಅಡಿ ಉದ್ದ 15 ಅಡಿ ಅಗಲವಿದ್ದರೆ ದಿನಸಿ ಬಂದ ರಟ್ಟಿನ ಪೆಟ್ಟಿಗೆಯಿಂದ 20 ಇಂಚು ಉದ್ದ 15 ಇಂಚು ಅಗಲದ ತುಂಡು ಕತ್ತರಿಸಿ. 6 ಅಡಿಗೆ 3 ಅಡಿಯ ಚಾಪೆ 6 ಇಂಚಿಗೆ 3 ಇಂಚಿನ ಕಾಗದವಾಗುತ್ತದೆ. ಸುಮಾರು 2 ಇಂಚು ಉದ್ದದ ಬೆಂಕಿಪೊಟ್ಟಣ ಎರಡಡಿಯ ಸಣ್ಣ ಮೇಜಿಗೆ ಸರಿಹೋಗುತ್ತದೆ. ಕಪಾಟಿಗೆ ಸಾಬೂನಿನ ಖಾಲಿ ಪೊಟ್ಟಣವನ್ನು ನಿಲ್ಲಿಸಿ. ಬಾಗಿಲು, ಕಿಟಕಿಗಳನ್ನು ಮೊದಲು ಗುರುತಿಸಬೇಕು, ಉಳಿದದ್ದೆಲ್ಲ ಅದರ ಲೆಕ್ಕದಲ್ಲಿ. ಮಕ್ಕಳಿಗೆ ಇಂಚು ಅಡಿಯ ಸುದ್ದಿ ಬೇಡ, ಕಪಾಟು ಮೇಜಿಗಿಂತ ದೊಡ್ಡದು ಎಂದು ಕಂಡರೆ ಆಯಿತು.

ಈಗ ಆಟ. ಮಗುವಿನ ಕಣ್ಣೆದುರೇ ಒಂದು ಹುಣಸೆಬೀಜವನ್ನು ಮಾದರಿಯ ಕಪಾಟಿನ ಹಿಂದೆ ಇಡಿ. ದೊಡ್ಡ ಚೆಂಡನ್ನು ನಿಜವಾದ ಕಪಾಟಿನ ಹಿಂದೆ ಮೊದಲೇ ಅಡಗಿಸಿರಿ. ‘ಬೀಜ ಎಲ್ಲಿದೆಯೋ ಚೆಂಡೂ ಅಲ್ಲೇ ಇದೆ, ಹುಡುಕು’ ಎನ್ನಿ. ಬೀಜ ಇಡುವುದೂ ತೆಗೆಯುವುದೂ ಟೀಚರೇ ಆಗಲಿ, ಬಾಯಿಗೆ ಹಾಕುವ ವಯಸ್ಸು ಅದು. ಅಮೆರಿಕದ ಮನಃಶಾಸ್ತ್ರಜ್ಞೆ ಜೂಡಿ ಡಿಲೋಶ್ 1987ರಲ್ಲಿ ಪ್ರಕಟಿಸಿದ ಪ್ರಯೋಗವೂ ಇದೇ ಬಗೆಯದು. ಎರಡೂವರೆ ವರ್ಷದ ಹೆಚ್ಚಿನ ಮಕ್ಕಳು ಅದರಲ್ಲಿ ಸೋತರು, ಮೂರು ವರ್ಷದ ಹೆಚ್ಚಿನವರು ನೇರ ಹೋಗಿ ಆಟಿಕೆ ತೆಗೆದರು. ನಡುವೆ ಇದ್ದದ್ದು ಕೆಲವೇ ತಿಂಗಳ ಅಂತರ. ಸಣ್ಣವರು ಮಾದರಿಯಲ್ಲಿ ಎಲ್ಲಿಟ್ಟದ್ದು ಎಂದು ಮರೆತಿರಲಿಲ್ಲ. ಮಾದರಿ ಅವರಿಗೆ ಬರೀ ಆಟದ ಸಾಮಾನಾಗಿತ್ತು, ಅದು ಇನ್ನೊಂದು ಕೋಣೆಯನ್ನು ತೋರಿಸುತ್ತದೆ ಎಂಬುದು ಹೊಳೆಯಲಿಲ್ಲ. ಮೊದಲೇ ಮಾದರಿಯೊಂದಿಗೆ ಆಡಲು ಬಿಟ್ಟರೆ ಮೂರು ವರ್ಷದವರೂ ಹೆಚ್ಚು ತಪ್ಪುತ್ತಾರೆ ಎಂದು ಅವರ ಮುಂದಿನ ಪ್ರಯೋಗಗಳು ತೋರಿಸಿದವು. ಆದ್ದರಿಂದ ಮಾದರಿಗೆ ಗೊಂಬೆ, ಪರದೆ, ಮಿಂಚು ಕಾಗದ ಅಂಟಿಸಿ ಶೃಂಗಾರ ಮಾಡಬೇಡಿ. ಪ್ರದರ್ಶನಕ್ಕೆ ಎಷ್ಟು ಚಂದವೋ ಪಾಠಕ್ಕೆ ಅಷ್ಟೇ ಅಡ್ಡಿ.

ಮಾದರಿಯನ್ನು ಮೇಜಿನ ಮೇಲೆ, ಗೋಡೆಗೆ ಒತ್ತಿ ಇಡುವುದೂ ತಪ್ಪು. ಕೋಣೆಯ ನಡುವೆ ನೆಲದಲ್ಲಿ, ಬಾಗಿಲಿಗೆ ಬಾಗಿಲು ಹೊಂದಿಸಿ ಇಡಬೇಕು. ತಿರುಗುಮುರುಗಾಗಿ ಇಟ್ಟರೆ ಮಗು ಎದುರು ಮೂಲೆಗೆ ಓಡುತ್ತದೆ. ಒಂದೇ ತರದ ನಾಲ್ಕು ಕುರ್ಚಿಗಳಿರುವಲ್ಲಿ ಅಡಗಿಸಿದರೂ ಸೋಲುತ್ತದೆ. ಆ ಸೋಲು ಮಗುವಿನದ್ದಲ್ಲ.

ಮಾದರಿಯಿಂದ ನಕ್ಷೆಗೆ ಬರುವುದು ಬಹಳ ಸಣ್ಣ ಕೆಲಸ: ಪೊಟ್ಟಣಗಳ ಸುತ್ತ ಗೆರೆ ಎಳೆದು, ಪೊಟ್ಟಣ ಎತ್ತಿಬಿಡಿ. ಬಾಗಿಲ ಬದಿಯ ಅಂಚಿಗೆ ಒಂದು ಬಿಂದಿ ಅಂಟಿಸಿ, ‘ಬಿಂದಿ ಬಾಗಿಲ ಕಡೆ’ ಎಂಬ ಒಂದೇ ನಿಯಮ ಹೇಳಿಕೊಡಿ. ಮಗು ತಿರುಗಿದಾಗ ಹಾಳೆಯನ್ನು ಮತ್ತೆ ಬಾಗಿಲಿಗೆ ಹೊಂದಿಸಿಕೊಳ್ಳಲು ಕಲಿತರೆ, ಮೊಬೈಲ್ ನಕ್ಷೆ ಹಿಡಿದು ದಾರಿ ತಪ್ಪುವ ಅನೇಕ ದೊಡ್ಡವರಿಗಿಂತ ಅದು ಮುಂದಿದೆ.

ಸಂಕೇತಗಳು ಮೂರು, ಹೆಚ್ಚೆಂದರೆ ಐದು. ಅಮೆರಿಕದ ಲಿನ್ ಲಿಬೆನ್ ಮತ್ತು ರೋಜರ್ ಡೌನ್ಸ್ ಎಂಬ ಸಂಶೋಧಕರು ಶಾಲಾಪೂರ್ವ ಮಕ್ಕಳಿಗೆ ರಸ್ತೆ ನಕ್ಷೆ ತೋರಿಸಿದಾಗ, ಕೆಂಪು ಗೆರೆಯ ರಸ್ತೆ ನಿಜವಾಗಿಯೂ ಕೆಂಪಗಿರುತ್ತದೆ ಎಂದವರಿದ್ದರು. ಗೆರೆ ಇಷ್ಟು ಸಪೂರ, ಇದರಲ್ಲಿ ಎರಡು ಕಾರು ಹೋಗಲಾರವು ಎಂದವರೂ ಇದ್ದರು. ಮುರಕಲ್ಲಿನ ಮಣ್ಣಿನ ಕೆಂಪು ದಾರಿಗಳಿರುವ ನಮ್ಮ ಊರಲ್ಲಿ ಈ ಗೊಂದಲ ಇನ್ನೂ ಸಹಜ. ಡಾಂಬರು ರಸ್ತೆಗೆ ಕಪ್ಪು, ಮಣ್ಣಿನ ದಾರಿಗೆ ಕೆಂಪು, ತೋಡಿಗೆ (ಸಣ್ಣ ಹಳ್ಳಕ್ಕೆ) ನೀಲಿ ಇಡಿ. ತೋಡಿನ ನೀರು ನೀಲಿಯಲ್ಲ, ಮಳೆಗಾಲದಲ್ಲಿ ಕೆಂಪೇ ಎಂದು ಯಾವುದಾದರೂ ಮಗು ಹೇಳಿದರೆ ಬಹಳ ಸಂತೋಷ. ಸಂಕೇತದ ಚರ್ಚೆ ಅಲ್ಲಿಂದಲೇ ಆರಂಭಿಸಬಹುದು.

ಐದರಿಂದ ಆರು ವರ್ಷದವರನ್ನು ಹೊರಗೆ ಕರೆದೊಯ್ಯಬಹುದು. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ, ಬೆಳಿಗ್ಗೆ ಹತ್ತರ ಒಳಗೆ. ಮಳೆಗಾಲದಲ್ಲಿ ಬೇಡವೇ ಬೇಡ, ತುಂಬಿದ ತೋಡು ಮತ್ತು ಪಾಚಿ ಹಿಡಿದ ಸಂಕ (ಕಾಲುಸೇತುವೆ) ಎರಡೂ ಅಪಾಯ. ಐದು ಮಕ್ಕಳಿಗೆ ಒಬ್ಬ ದೊಡ್ಡವರು ಇರಬೇಕು. ಟೀಚರ ಹೆಜ್ಜೆಯಲ್ಲಿ 200 ಹೆಜ್ಜೆ, ಅಂದರೆ ಸುಮಾರು 400 ಅಡಿ ದಾರಿ ಸಾಕು. ಹತ್ತು ಹೆಜ್ಜೆಗೊಂದು ಕಲ್ಲನ್ನು ಮಕ್ಕಳು ಚೀಲಕ್ಕೆ ಹಾಕುತ್ತಾ ಬರಲಿ. ನಾಲ್ಕೈದು ಕಡೆ ನಿಂತು ನೋಡಿ: ಅಶ್ವತ್ಥ ಕಟ್ಟೆ, ಗೂಡಂಗಡಿ, ನಾಗಬನ, ಸಂಕ, ಹಾಲಿನ ಡೈರಿ.

ಕೋಣೆಗೆ ಬಂದು ಜಗಲಿಯಲ್ಲಿ ತೆಂಗಿನ ನಾರಿನ ಹಗ್ಗ ಹಾಸಿ. ಒಂದು ಕಲ್ಲಿಗೆ ಒಂದು ಗೇಣು, ಇಪ್ಪತ್ತು ಕಲ್ಲಿಗೆ ಸುಮಾರು 15 ಅಡಿ ಹಗ್ಗ. ಎಷ್ಟನೇ ಕಲ್ಲಿಗೆ ದಾರಿ ತಿರುಗಿತೋ ಅಲ್ಲಿ ಹಗ್ಗವನ್ನೂ ತಿರುಗಿಸಿ. ಕಟ್ಟೆಗೆ ಒಂದು ಎಲೆ, ಅಂಗಡಿಗೆ ಡಬ್ಬಿ, ಸಂಕಕ್ಕೆ ಅಡಿಕೆ ಹಾಳೆಯ ತುಂಡು. ಇಲ್ಲಿ ಮಕ್ಕಳು ಖಂಡಿತ ಹೇಳುವ ಎರಡು ಗುರುತುಗಳಿವೆ: ನಿಂತಿದ್ದ ಆಟೋ, ಮಲಗಿದ್ದ ನಾಯಿ. ಬೇಡ ಎನ್ನಬೇಡಿ, ಇಡಲು ಬಿಡಿ. ಮರುದಿನ ಅದೇ ದಾರಿಯಲ್ಲಿ ಹೋದಾಗ ನಾಯಿ ಅಲ್ಲಿರುವುದಿಲ್ಲ. ನಕ್ಷೆಗೆ ಯಾವುದು ಬೇಕು, ಯಾವುದು ಬೇಡ ಎಂದು ಅವರೇ ತೀರ್ಮಾನಿಸುತ್ತಾರೆ.

ಉಡುಪಿ ಪೇಟೆಯ ಶಾಲೆಗಳಿಗೆ ರಥಬೀದಿ ಇದೆ. ನಡುವೆ ಅನಂತೇಶ್ವರ, ಚಂದ್ರಮೌಳೀಶ್ವರ ದೇವಸ್ಥಾನಗಳು, ಸುತ್ತ ಮಠಗಳು. ಹೊರಟಲ್ಲಿಗೇ ಬಂದು ಸೇರುವ ದಾರಿಗೆ ಹಗ್ಗದ ಎರಡು ತುದಿ ಕೂಡಿಸಬೇಕೆಂದು ಮಕ್ಕಳಿಗೆ ತಾವಾಗಿಯೇ ಹೊಳೆಯುತ್ತದೆ. ಉತ್ಸವದ ದಿನ ಬಿಟ್ಟು ಹೋಗಿ. ಮಂಗಳೂರಿನವರು ಹಂಪನಕಟ್ಟೆಯಂಥ ವಾಹನದ ಜಾಗಕ್ಕೆ ಹೋಗುವುದಕ್ಕಿಂತ ಕದ್ರಿ ಪಾರ್ಕಿನ ಒಳಗಿನ ದಾರಿಗಳನ್ನು ಆರಿಸುವುದು ಮೇಲು.

ಈ ವಯಸ್ಸಿನವರು ಕಾಗದದಲ್ಲಿ ಬರೆಯುವಾಗ ದಾರಿ ಮೇಲಿನಿಂದ ಕಂಡಂತೆ, ಮನೆ ಮರಗಳು ಎದುರಿನಿಂದ ಕಂಡಂತೆ ಬರುತ್ತವೆ. ದಾರಿಯ ಎರಡು ಬದಿಯ ಮನೆಗಳು ಹೊರಕ್ಕೆ ಮಗುಚಿ ಬಿದ್ದಂತಿರುತ್ತವೆ. ತಿದ್ದಬೇಡಿ. ಹಳೆಯ ಕಾಲದ ಊರಿನ ನಕ್ಷೆಗಳಲ್ಲೂ ಗೋಪುರ, ಕೋಟೆಗಳನ್ನು ಹೀಗೆ ನಿಲ್ಲಿಸಿಯೇ ಬರೆದದ್ದಿದೆ. ಸರಿಯೇ ಎಂದು ಪರೀಕ್ಷಿಸುವುದಾದರೆ ಆ ನಕ್ಷೆಯನ್ನು ಇನ್ನೊಂದು ಮಗುವಿನ ಕೈಗೆ ಕೊಟ್ಟು ಜಾಗ ಹುಡುಕಿಸಿ. ಹಾಳೆಯ ಹಿಂದೆ ತಾರೀಕು ಮತ್ತು ಮಗು ಹೇಳಿದ ಮಾತನ್ನು ಅದರ ನುಡಿಯಲ್ಲೇ, ತುಳುವೋ ಕೊಂಕಣಿಯೋ ಬ್ಯಾರಿಯೋ, ಬರೆದಿಡಿ. ಅಂಕ, ಸ್ಟಾರ್ ಬೇಡ.

3ರಿಂದ 8 ವರ್ಷದವರಿಗೆಂದು 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಆಟದ ಮೂಲಕವೇ ಕಲಿಕೆ ಎನ್ನುತ್ತದೆ. ಹಾಗಾಗಿ ಇದಕ್ಕೆ ಪ್ರತ್ಯೇಕ ಅನುಮತಿಯೂ ಅನುದಾನವೂ ಬೇಕಿಲ್ಲ. ಅಂಗನವಾಡಿಯ ಬಾಲವಿಕಾಸ ಸಮಿತಿಯವರು ಒಂದು ಉಪಕಾರ ಮಾಡಬಹುದು. ಜಾತ್ರೆ, ಚುನಾವಣೆ ಮುಗಿದ ಮೇಲೆ ಕಂಬದಿಂದ ಇಳಿಯುವ ಫ್ಲೆಕ್ಸ್‌ನಲ್ಲಿ 8 ಅಡಿಗೆ 6 ಅಡಿಯದ್ದೊಂದನ್ನು ತೊಳೆದು ಅಂಗನವಾಡಿಗೆ ಕೊಡಲಿ. ಹಿಂಬದಿ ಬಿಳಿಯಿದ್ದರೆ ಊರಿನ ದಾರಿ, ತೋಡುಗಳನ್ನು ಒಂದಿಂಚು ದಪ್ಪದ ಗೆರೆಯಲ್ಲಿ ಅದರಲ್ಲಿ ಬರೆಯಬಹುದು. ಮಡಚಿದರೆ ಮಡಿಕೆಯಲ್ಲಿ ಬಣ್ಣ ಏಳುತ್ತದೆ, ಸುರುಳಿ ಸುತ್ತಿಡಿ. ನುಣುಪು ನೆಲದಲ್ಲಿ ಜಾರುತ್ತದೆ, ಅಡಿಗೆ ಗೋಣಿ ಹಾಕಿ ಮೂಲೆಗೆ ಟೇಪ್ ಹಚ್ಚಿ. ಜಗಲಿಯ ನೆಲಕ್ಕೇ ಎಣ್ಣೆ ಬಣ್ಣ ಬಳಿಯುವ ಯೋಚನೆ ಬೇಡ, ಮಳೆಯ ಎರಚಲು ಬಿದ್ದರೆ ಮಕ್ಕಳು ಜಾರಿ ಬೀಳುತ್ತಾರೆ.

ಇಷ್ಟರ ಮೇಲೂ ಗೋಡೆಗೇ ನಕ್ಷೆ ಬೇಕೆನ್ನುವವರು ಪೇಂಟರ್ ಬರುವ ಮೊದಲು ಬಡಗು ಗೋಡೆ ಯಾವುದೆಂದು ನೋಡಿಕೊಳ್ಳಿ. ಮೊಬೈಲಿನ ದಿಕ್ಸೂಚಿಯಾದರೂ ಆದೀತು, ಕಬ್ಬಿಣದ ಕಪಾಟಿನಿಂದ ನಾಲ್ಕು ಹೆಜ್ಜೆ ದೂರ ನಿಂತು ನೋಡಬೇಕು. ನಕ್ಷೆಯ ಕೆಳ ಅಂಚು ನೆಲದಿಂದ ಎರಡಡಿಗಿಂತ ಎತ್ತರದಲ್ಲಿರಬಾರದು; ನಾಲ್ಕು ವರ್ಷದವರ ಬೆರಳು ಕನ್ಯಾಕುಮಾರಿಗೂ ಕಾಶ್ಮೀರಕ್ಕೂ ಎಟಕಬೇಕು.

ಇಂತಿ,
ಶಾಲಾಪೂರ್ವ ಶಿಕ್ಷಕಿಯರ ಬಳಗ
ಉಡುಪಿ